ಹಳೇ ಅಂಬಾಸಿಡರ್‌ಗೆ ಬದಲಿ ಇಂಜಿನ್ ಕೂರಿಸುವುದು

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಇಳಿಸಿ ಅದೇ ಜಾತಿಯ ಇನ್ನೊಂದನ್ನು ಕೂರಿಸೋದು ದೊಡ್ಡ ವಿದ್ಯೆಯಲ್ಲ. ಬಾನೆಟ್ ಕೆಳಗೆ ಜಾಗ ಧಾರಾಳವಾಗಿದೆ, ಬೋಲ್ಟ್‌ಗಳು ಕಣ್ಣಿಗೆ ಕಾಣುತ್ತವೆ, ಕೈ ಹೋಗುತ್ತೆ. ಚೈನ್ ಪುಲ್ಲಿ ಇದ್ದು, ಕೆಲಸ ಗೊತ್ತಿರೋ ಇಬ್ಬರು ಸೇರಿದರೆ ಒಂದು ದಿನದಲ್ಲಿ ಮುಗಿಯುತ್ತೆ. ಆದರೆ ಇಂಜಿನ್ ಬದಲಾಯಿಸಿದ ತಿಂಗಳೊಳಗೆ ಗ್ಯಾರೇಜಿಗೆ ವಾಪಸ್ ಬರೋ ಗಾಡಿಗಳ ದೂರು ಕೇಳಿ: ಗೇರ್ ಬೀಳ್ತಿಲ್ಲ, ಹಿಂದಿನಿಂದ ಆಯಿಲ್ ಸೋರ್ತಿದೆ, ಟ್ರಾಫಿಕ್‌ನಲ್ಲಿ ಕುದಿಯುತ್ತೆ, ಸೆಲ್ಫ್ ಎಳೆಯಲ್ಲ. ಇವುಗಳಲ್ಲಿ ಬಹುಪಾಲು ಹೊಸ ಇಂಜಿನ್‌ನ ತಪ್ಪೇ ಅಲ್ಲ. ಹಳೇ ಇಂಜಿನ್‌ನಿಂದ ಬಿಚ್ಚಿ, ಒರೆಸಿ, ಹೊಸದಕ್ಕೆ ಹಾಗೇ ಹಾಕಿಬಿಟ್ಟ ಸಣ್ಣ ಸಾಮಾನುಗಳದ್ದು. ಹಾಗಾಗಿ ಇಲ್ಲಿ ಇಂಜಿನ್ ಎತ್ತೋದಕ್ಕಿಂತ ಹೆಚ್ಚು ಮಾತು ಅದರ ಸುತ್ತ ಇರೋ ಸಾಮಾನಿನ ಬಗ್ಗೆ.

ಮೊದಲು ಯಾವ ಇಂಜಿನ್ ಅನ್ನೋದು. ಇದು ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ 1959ರಲ್ಲಿ ಹಳೇ ಸೈಡ್-ವಾಲ್ವ್ ಇಂಜಿನ್ ಕೈಬಿಟ್ಟು ಇದನ್ನು ಹಾಕಿತು. ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಮೂರೇ ಮೇನ್ ಬೇರಿಂಗ್. 1992ರಲ್ಲಿ ಬಂದ 1817 ಸಿಸಿ ಇಸುಜು ಇಂಜಿನ್ನನ್ನೇ ಹಳೇ ಗಾಡಿಗೆ ಹಾಕಿಬಿಡೋಣ ಅನ್ನೋ ಆಸೆ ಹಲವರಿಗಿದೆ. ಓಡಿಸೋಕೆ ಅದು ಒಳ್ಳೇ ಇಂಜಿನ್, ಒಪ್ಪುತ್ತೇನೆ. ಆದರೆ ಅದರ ಜೊತೆ ಗೇರ್‌ಬಾಕ್ಸ್, ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್ ಪೈಪ್ ಎಲ್ಲ ಬದಲಾಗಬೇಕು. ಇನ್ನೂ ಮುಖ್ಯವಾದದ್ದು, 2021ರ ವಿಂಟೇಜ್ ನೋಂದಣಿ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲೇ ಇರಬೇಕು, ಛಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಅನ್ನುತ್ತೆ ಅದು. ಎಪ್ಪತ್ತರ ದಶಕದ ಗಾಡಿಗೆ ಇಸುಜು ಹಾಕೋದು ಅಂದರೆ ಆ ಬಾಗಿಲನ್ನು ನಾವೇ ಮುಚ್ಚಿಕೊಂಡಂತೆ. ಹಳೇ ಗಾಡಿಗೆ ಅದರದ್ದೇ ಇಂಜಿನ್ ಇರಲಿ.

ಅದೇ ಜಾತಿಯ ಇಂಜಿನ್ ಆದರೂ ನಂಬರ್ ಬೇರೆ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತೆ, ಹಾಗಾಗಿ ಕೆಲಸ ಶುರುಮಾಡೋ ಮುಂಚೆಯೇ ಆರ್‌ಟಿಒದಲ್ಲಿ ಕೇಳಿಕೊಂಡು, ಆಮೇಲೆ ಹೊಸ ನಂಬರ್ ಆರ್‌ಸಿಗೆ ಏರಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಂಡರೂ ಸರಿ, ಬೇರೆ ಊರಿನಿಂದ ತರಿಸಿದರೂ ಸರಿ, ಇಂಜಿನ್ ನಂಬರ್ ಬರೆದ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಆ ಇಂಜಿನ್ ಯಾವ ಗಾಡಿಯಿಂದ ಬಂತು ಅನ್ನೋದಕ್ಕೆ ಹಳೇ ಆರ್‌ಸಿ ಪ್ರತಿ ಸಿಕ್ಕರೆ ಇನ್ನೂ ಒಳ್ಳೇದು. ನಂಬರ್ ಇರೋ ಜಾಗದಲ್ಲಿ ಉಜ್ಜಿದ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಕೊಳ್ಳುವಾಗ ನೋಡಬೇಕಾದ್ದು ಹೊರಗಿನ ಬಣ್ಣವಲ್ಲ. ಮುಂದಿನ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ. ಟಕ್ ಅಂತ ಶಬ್ದ ಬಂದರೆ ನಡುವಿನ ಮೇನ್ ಬೇರಿಂಗ್‌ನ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯೋ ಬಿಲ್ಲೆ) ಸವೆದಿದೆ. ಈ ಆಟ 0.1 ಮಿ.ಮೀ. ದಾಟಬಾರದು. ದಾಟಿದ್ದರೆ ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ಸರಿಯುತ್ತೆ. ಬಿಟ್ಟರೆ ವಾಷರ್ ಪೂರ್ತಿ ಸವೆದು ಕ್ರ್ಯಾಂಕೂ ಬ್ಲಾಕೂ ಎರಡೂ ಹಾಳು. ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿಸಿ ಒಂದು ಮೇನ್ ಕ್ಯಾಪ್, ಒಂದು ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯೋ ತುದಿ) ಕ್ಯಾಪ್ ತೆಗೆಸಿ ಬೇರಿಂಗ್ ಬೆನ್ನಿನ ಮೇಲಿನ ಗುರುತು ಓದಿ: 10, 20, 30, 40 ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಅಂತ ಇರುತ್ತೆ. 40 ಥೌ ಆಗಲೇ ಆಗಿದ್ದರೆ ಆ ಕ್ರ್ಯಾಂಕನ್ನು ಮತ್ತೆ ಗ್ರೈಂಡ್ ಮಾಡೋಕೆ ಜಾಗವಿಲ್ಲ, ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು.

ಹೆಡ್ ವಿಷಯ ಬಹಳ ಜನ ಮರೆಯುತ್ತಾರೆ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೂ ಹಿಂದಿನ ಹೆಡ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಮೆತ್ತನೆಯ ಎರಕದ ಕಬ್ಬಿಣವೇ. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ವೇಗವಾಗಿ ಓಡಿಸಿದರೆ ವಾಲ್ವ್ ಆ ಸೀಟಿನೊಳಕ್ಕೇ ನಿಧಾನವಾಗಿ ಇಳಿಯುತ್ತೆ. ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತೋ ರಾಕರ್‌ಗೂ ನಡುವಿನ ಸಂದು) ಪದೇ ಪದೇ ಕಡಿಮೆಯಾಗ್ತಾ ಹೋಗೋದು ಇದರ ಲಕ್ಷಣ. ಇಂಜಿನ್ ಹೇಗೂ ಹೊರಗಿದೆ, ಹೆಡ್ ಬೋರಿಂಗ್ ಅಂಗಡಿಗೆ ಹೋಗುತ್ತೆ. ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ಹಾಕಿಸಿಬಿಡಿ. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಇನ್ನು ಪಾನಾಗಳು. ಈ ಗಾಡಿ ಪೂರ್ತಿ ಇಂಚಿನ ಲೆಕ್ಕದ್ದು, ಯುಎನ್‌ಎಫ್ ಅನ್ನೋ ಇಂಚಿನ ಸಣ್ಣ ಥ್ರೆಡ್. ಅರ್ಧ ಇಂಚಿನ ಬೋಲ್ಟ್ ತಲೆಗೆ 13 ನಂಬರ್ ಪಾನಾ ಹಾಕಿದರೆ ಹಿಡಿದಂತೆ ಅನ್ನಿಸುತ್ತೆ, ಆದರೆ ಅಲ್ಲಿ 0.3 ಮಿ.ಮೀ. ಸಡಿಲ ಇದೆ, ತುಕ್ಕು ಹಿಡಿದ ಬೋಲ್ಟಾದರೆ ತಲೆ ಉರುಟಾಗೋದು ಖಂಡಿತ. 7/16, 1/2, 9/16 ರಿಂಗ್ ಪಾನಾ, ಅದೇ ಅಳತೆಯ ಸಾಕೆಟ್, ಒಂದು ಟಾರ್ಕ್ ರೆಂಚ್, ಫೀಲರ್ ಗೇಜ್ ಇಷ್ಟು ಇರಲೇಬೇಕು.

ಇಳಿಸೋ ಕೆಲಸ ಬೇಗ ಹೇಳಿ ಮುಗಿಸ್ತೀನಿ. ಬ್ಯಾಟರಿ ತೆಗೆಯಿರಿ. ಬಾನೆಟ್ ಕೀಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಮೇಲೆ ಬಿಚ್ಚಿ, ಇಲ್ಲದಿದ್ದರೆ ವಾಪಸ್ ಹೊಂದಿಸೋಕೆ ಅರ್ಧ ದಿನ ಹೋಗುತ್ತೆ. ನೀರು, ಆಯಿಲ್ ಬಸಿದು ರೇಡಿಯೇಟರ್, ಫ್ಯಾನ್, ಕಾರ್ಬುರೇಟರ್, ಡೈನಮೋ, ಸೆಲ್ಫ್ ಮೋಟರ್ ತೆಗೆಯಿರಿ. ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ. ಗೇರ್‌ಬಾಕ್ಸನ್ನು ಗಾಡಿಯಲ್ಲೇ ಬಿಟ್ಟು ಬರೀ ಇಂಜಿನ್ ಎತ್ತೋದು ನನ್ನ ಆಯ್ಕೆ, ಯಾಕಂದರೆ ಸ್ಟೀರಿಂಗ್ ಪಕ್ಕದ ಗೇರ್ ಲಿವರ್‌ನ ಕಡ್ಡಿಗಳು, ಪ್ರೊಪೆಲ್ಲರ್ ಶಾಫ್ಟ್ ಯಾವುದನ್ನೂ ಮುಟ್ಟಬೇಕಿಲ್ಲ. ಆದರೆ ಇಂಜಿನ್ ಬಿಟ್ಟ ಕೂಡಲೇ ಗೇರ್‌ಬಾಕ್ಸ್ ಮೂತಿ ಕೆಳಕ್ಕೆ ಬಾಗುತ್ತೆ, ಹಾಗಾಗಿ ಮೊದಲೇ ಮರದ ತುಂಡು ಇಟ್ಟು ಜಾಕ್ ಕೊಟ್ಟಿರಬೇಕು. ಇಂಜಿನ್ ತೂಕ ಸುಮಾರು ನೂರೈವತ್ತು ಕಿಲೋ. ಒಂದು ಟನ್ನಿನ ಚೈನ್ ಪುಲ್ಲಿ ಬಳಸಿ, ತೊಲೆ ಗಟ್ಟಿ ಇದೆಯಾ ಅಂತ ಮೊದಲು ನೋಡಿ. ಇಂಜಿನ್ ನೇರ ಮುಂದಕ್ಕೆ ಬಂದು ಗೇರ್‌ಬಾಕ್ಸ್ ಶಾಫ್ಟ್ ಕ್ಲಚ್‌ನಿಂದ ಪೂರ್ತಿ ಹೊರಬಂದ ಮೇಲಷ್ಟೇ ಮೇಲಕ್ಕೆ ಎತ್ತಬೇಕು.

ಈಗ ಎರಡೂ ಇಂಜಿನ್ ಪಕ್ಕಪಕ್ಕ ನೆಲದ ಮೇಲಿವೆ. ನಿಧಾನ ಮಾಡಬೇಕಾದ ಘಟ್ಟ ಇದೇ.

ಕ್ರ್ಯಾಂಕ್‌ನ ಹಿಂತುದಿಯಲ್ಲಿ ಒಂದು ತೂತು, ಅದರೊಳಗೆ ಹೆಬ್ಬೆರಳಿನ ಗಾತ್ರದ ಹಿತ್ತಾಳೆ ಬಣ್ಣದ ಬುಷ್. ಪೈಲಟ್ ಬುಷ್ ಅಂತಾರೆ. ಗೇರ್‌ಬಾಕ್ಸ್ ಶಾಫ್ಟ್‌ನ ಮೂತಿ ಇದರೊಳಗೆ ತಿರುಗುತ್ತೆ. ಗುಜರಿ ಇಂಜಿನ್‌ಗಳಲ್ಲಿ ಇದು ಸವೆದಿರುತ್ತೆ, ಕೆಲವೊಮ್ಮೆ ಇರೋದೇ ಇಲ್ಲ. ಕ್ಲಚ್ ಪೂರ್ತಿ ತುಳಿದರೂ ಗೇರ್ ಕರಕರ ಅಂದರೆ ಎಲ್ಲರೂ ಕ್ಲಚ್ ಪ್ಲೇಟನ್ನೋ ಗೇರ್‌ಬಾಕ್ಸನ್ನೋ ದೂರ್ತಾರೆ. ಬಹಳ ಸಲ ಕಾರಣ ಈ ಬುಷ್. ಬುಷ್ ಶಾಫ್ಟ್ ಮೂತಿಗೆ ಅಂಟಿಕೊಂಡಿದ್ದರೆ ಕ್ರ್ಯಾಂಕ್ ಆ ಶಾಫ್ಟನ್ನೂ ತನ್ನ ಜೊತೆ ಸುತ್ತಿಸುತ್ತೆ, ಕ್ಲಚ್ ತುಳಿದರೂ ಗೇರ್‌ಬಾಕ್ಸ್ ನಿಲ್ಲಲ್ಲ. ಹೊಸ ಬುಷ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ಬೆಲೆ ಅಷ್ಟೇನಿಲ್ಲ. ಅದು ಆಯಿಲ್ ಹೀರೋ ರಂಧ್ರಮಯ ಲೋಹ, ಹಾಗಾಗಿ ಒಂದು ರಾತ್ರಿ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಿ, ಗ್ರೀಸ್ ತುಂಬಬೇಡಿ. ಹಾಕೋ ಮುಂಚೆ ಶಾಫ್ಟ್ ಮೂತಿಗೆ ಕೈಯಿಂದ ಹಾಕಿ ನೋಡಿ: ಸಲೀಸಾಗಿ ಸರಿಯಬೇಕು, ಅಲ್ಲಾಡಬಾರದು.

ಫ್ಲೈವೀಲ್ ಬೋಲ್ಟ್‌ಗೆ ಟಾರ್ಕ್ ರೆಂಚ್‌ನಲ್ಲಿ 40 ಅಡಿ-ಪೌಂಡ್ ಬಿಗಿ, ಹೊಸ ಲಾಕ್ ವಾಷರ್. ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಇರೋ ಉಬ್ಬು ಭಾಗ ಗೇರ್‌ಬಾಕ್ಸ್ ಕಡೆಗೆ ಬರಬೇಕು. ತಿರುಗಾ ಹಾಕಿದರೆ ಉಬ್ಬು ಫ್ಲೈವೀಲ್ ಬೋಲ್ಟ್‌ಗೆ ಉಜ್ಜುತ್ತೆ, ಕ್ಲಚ್ ಬಿಡಲ್ಲ, ಮತ್ತೆ ಎಲ್ಲ ಬಿಚ್ಚಬೇಕು. ಪ್ಲೇಟನ್ನು ನಟ್ಟನಡುವೆ ಕೂರಿಸೋಕೆ ಹಳೇ ಗೇರ್‌ಬಾಕ್ಸ್‌ನ ಶಾಫ್ಟ್ ಒಂದು ಇಟ್ಟುಕೊಂಡರೆ ಅದಕ್ಕಿಂತ ಒಳ್ಳೇ ಟೂಲ್ ಬೇರೆ ಬೇಕಿಲ್ಲ. ಕವರ್ ಬೋಲ್ಟ್‌ಗಳನ್ನು ಎದುರುಬದುರು ಅರ್ಧರ್ಧ ಸುತ್ತು ಬಿಗಿಯುತ್ತಾ ಬನ್ನಿ. ಒಂದೇ ಕಡೆ ಬಿಗಿದರೆ ಕವರ್ ಸೊಟ್ಟಗಾಗಿ ಕ್ಲಚ್ ನಡುಗುತ್ತೆ. ಕ್ಲಚ್ ಬಿಡಿಸೋ ಬೇರಿಂಗ್ ಇಲ್ಲಿ ಕಾರ್ಬನ್ ಉಂಗುರ, ಬಾಲ್ ಬೇರಿಂಗ್ ಅಲ್ಲ. ಕಾರ್ಬನ್ ತನ್ನ ಲೋಹದ ಬಟ್ಟಲಿನ ಅಂಚಿನಿಂದ ಎಷ್ಟು ಮೇಲೆ ಚಾಚಿದೆ ನೋಡಿ, ಬಿರುಕು ಬಿಟ್ಟಿದೆಯಾ ಅಂತ ಉಗುರು ಎಳೆದು ನೋಡಿ. ಅನುಮಾನ ಬಂದರೆ ಹೊಸದು ಹಾಕಿ, ಯಾಕಂದರೆ ಮತ್ತೆ ಅಲ್ಲಿಗೆ ಕೈ ಹೋಗಬೇಕಾದರೆ ಇಂಜಿನ್ ಇಳಿಸಲೇಬೇಕು.

ಇಂಜಿನ್‌ನ ಎಡಪಕ್ಕ, ಮ್ಯಾನಿಫೋಲ್ಡ್ ಕೆಳಗೆ, ಟ್ಯಾಪೆಟ್ ಮುಚ್ಚೋ ಎರಡು ತಗಡಿನ ಕವರ್ ಇವೆ. ಮ್ಯಾನಿಫೋಲ್ಡ್ ಹಾಕಿದ ಮೇಲೆ ಇವು ಸಿಗಲ್ಲ. ಈಗಲೇ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ. ಆಯಿಲ್ ಸೋರುತ್ತೆ ಅಂತ ನಡುವಿನ ಬೋಲ್ಟನ್ನು ಜೋರಾಗಿ ಬಿಗಿದರೆ ತಗಡು ಒಳಕ್ಕೆ ಬಾಗಿ ಅಂಚು ಮೇಲೇಳುತ್ತೆ, ಸೋರಿಕೆ ಇನ್ನೂ ಹೆಚ್ಚಾಗುತ್ತೆ. ಬಾಗಿರೋ ಕವರನ್ನು ಸಪಾಟು ಕಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿ. ಮುಂದಿನ ಕವರ್‌ನಲ್ಲಿರೋ ಬ್ರೀದರ್ ಪೈಪನ್ನು (ಇಂಜಿನ್ ಒಳಗಿನ ಗಾಳಿ ಹೊರಹೋಗೋ ದಾರಿ) ಪೆಟ್ರೋಲ್‌ನಲ್ಲಿ ತೊಳೆದು ಊದಿ ನೋಡಿ. ಇದು ಯಾಕೆ ಮುಖ್ಯ ಅಂದರೆ, ಈ ಇಂಜಿನ್‌ನ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ಮೇಲೆ ಕೆತ್ತಿರೋ ಸುರುಳಿ ಥ್ರೆಡ್ ತಿರುಗುತ್ತಾ ಆಯಿಲನ್ನು ವಾಪಸ್ ಚೇಂಬರ್ ಕಡೆಗೆ ತಳ್ಳುತ್ತೆ, ಅಷ್ಟೇ ತಡೆ. ಬ್ರೀದರ್ ಕಟ್ಟಿದ್ದರೆ ಅಥವಾ ರಿಂಗ್ ಸವೆದು ಹೊಗೆ ಕೆಳಗಿಳಿದರೆ ಒಳಗಿನ ಒತ್ತಡ ಏರಿ, ಆಯಿಲ್ ಆ ಥ್ರೆಡ್ ದಾಟಿ ಕ್ಲಚ್ ಮೇಲೆ ಬೀಳುತ್ತೆ. ಸೀಲ್ ಹಾಕ್ತೀನಿ ಅನ್ನೋರನ್ನು ನಂಬೋ ಮುಂಚೆ ಬ್ರೀದರ್ ಶುಚಿ ಇದೆಯಾ ಅಂತ ನೋಡಿ.

ನೀರಿನ ದಾರಿಯನ್ನೂ ಈಗಲೇ ನೋಡಿ. ಬೋರ್‌ವೆಲ್ ನೀರು ಕುಡಿದ ಬ್ಲಾಕಿನೊಳಗೆ, ಹಿಂದಿನ ಸಿಲಿಂಡರ್ ಸುತ್ತ, ಕೆಂಪು ಕೆಸರು ಗಟ್ಟಿಯಾಗಿ ಕೂತಿರುತ್ತೆ. ಬ್ಲಾಕ್ ಪಕ್ಕದ ಡ್ರೈನ್ ಕೊಳಾಯಿ ಬಿಚ್ಚಿದಾಗ ನೀರು ಬರದಿದ್ದರೆ ಅದೇ ಸಾಕ್ಷಿ. ಬ್ಲಾಕಿನ ತೂತು ಮುಚ್ಚೋ ಕಪ್ಪಿನಾಕಾರದ ಕೋರ್ ಪ್ಲಗ್‌ಗಳನ್ನು ತೆಗೆದು, ತಂತಿಯಿಂದ ಕೆರೆದು, ಜೋರು ನೀರು ಬಿಟ್ಟು ತೊಳೆದು, ಹೊಸ ಪ್ಲಗ್ ಹಾಕಿ. ಇಂಜಿನ್ ಕೂರಿಸಿದ ಮೇಲೆ ಹಿಂದಿನ ಪ್ಲಗ್ ಬದಲಾಯಿಸೋದು ನರಕ. ರೇಡಿಯೇಟರ್‌ಗೂ ರಾಡ್ ಹಾಕಿಸಿ ಕಟ್ಟಿದ ಕೊಳವೆ ಬಿಡಿಸಿ. ಹೊಸ ಇಂಜಿನ್ ಮೊದಮೊದಲು ಬಿಗಿಯಾಗಿದ್ದು ಹೆಚ್ಚು ಬಿಸಿಯಾಗುತ್ತೆ. ಹಳೇ ಇಂಜಿನ್‌ಗೆ ಹೇಗೋ ಸಾಕಾಗ್ತಿದ್ದ ಅರ್ಧ ಕಟ್ಟಿದ ರೇಡಿಯೇಟರ್ ಇದಕ್ಕೆ ಸಾಲಲ್ಲ.

ಇನ್ನು ಕೂರಿಸೋದು. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ, ಗೇರ್‌ಬಾಕ್ಸ್‌ನ ಮುಂದಿನ ಚಿಪ್ಪು) ಬೋಲ್ಟ್ ಅಳತೆಯ ಎರಡು ಉದ್ದ ಬೋಲ್ಟ್‌ಗಳ ತಲೆ ಕತ್ತರಿಸಿ ಗೈಡ್ ಪಿನ್ ಮಾಡಿಕೊಳ್ಳಿ. ಗಾಡಿಯನ್ನು ಗೇರಿನಲ್ಲಿಟ್ಟು, ಇಂಜಿನ್ನನ್ನು ಗೇರ್‌ಬಾಕ್ಸ್ ಓರೆ ಎಷ್ಟಿದೆಯೋ ಅಷ್ಟೇ ಓರೆಯಲ್ಲಿ ಹಿಂದಕ್ಕೆ ಸರಿಸಿ. ಶಾಫ್ಟ್ ಕ್ಲಚ್ ಹಲ್ಲಿಗೆ ಸಿಗದಿದ್ದರೆ ಒಬ್ಬರು ಮುಂದಿನ ಪುಲ್ಲಿಯನ್ನು ನಿಧಾನವಾಗಿ ತಿರುಗಿಸಲಿ, ಹಲ್ಲು ಕೂಡಿದಾಗ ಇಂಜಿನ್ ತಾನಾಗಿ ಒಳಸರಿಯುತ್ತೆ. ಎರಡರ ನಡುವೆ ಒಂದು ಬೆರಳಿನ ಸಂದು ಉಳಿದಿದ್ದಾಗ ಬೋಲ್ಟ್ ಹಾಕಿ ಬಿಗಿದು ಎಳೆಯೋ ಆಸೆ ಎಲ್ಲರಿಗೂ ಬರುತ್ತೆ. ಎಳೆಯಲೇಬೇಡಿ. ಸಂದು ಉಳಿದಿದೆ ಅಂದರೆ ಶಾಫ್ಟ್ ಮೂತಿ ಬುಷ್‌ಗೆ ಸಿಕ್ಕಿಲ್ಲ, ಇಲ್ಲವೇ ಓರೆ ತಪ್ಪಿದೆ. ಬಲವಂತ ಮಾಡಿದರೆ ಬೆಲ್ ಹೌಸಿಂಗ್‌ನ ಕಿವಿ ಮುರಿಯುತ್ತೆ. ಹಾಗೇ ಇಂಜಿನ್ನಿನದಾಗಲಿ ಗೇರ್‌ಬಾಕ್ಸಿನದಾಗಲಿ ಭಾರ ಒಂದು ಕ್ಷಣವೂ ಕ್ಲಚ್ ಪ್ಲೇಟ್ ಮೇಲೆ ತೂಗಬಾರದು. ಪ್ಲೇಟಿನ ನಡುಭಾಗ ಕಣ್ಣಿಗೆ ಕಾಣದಷ್ಟು ಬಾಗಿದರೂ ಕ್ಲಚ್ ಎಂದೂ ಶುದ್ಧವಾಗಿ ಬಿಡಲ್ಲ.

ಮುಂದಿನ ಎರಡು ರಬ್ಬರ್ ಮೌಂಟಿಂಗ್ ಹೊಸದೇ ಹಾಕಿ. ಆಯಿಲ್ ಕುಡಿದು ಮೆತ್ತಗಾದ ರಬ್ಬರ್ ಕುಗ್ಗಿದರೆ ಇಂಜಿನ್ ಇಳಿದು ಫ್ಯಾನ್ ರೇಡಿಯೇಟರ್‌ಗೆ ತಗಲುತ್ತೆ. ಮೌಂಟಿಂಗ್ ಬೋಲ್ಟ್‌ಗಳನ್ನು ಎಲ್ಲ ಕಡೆ ಕೈಬಿಗಿಯಲ್ಲಿ ಬಿಟ್ಟು, ಬೆಲ್ ಹೌಸಿಂಗ್ ಪೂರ್ತಿ ಬಿಗಿದ ಮೇಲೆ, ಇಂಜಿನ್ನನ್ನು ಒಮ್ಮೆ ಅಲ್ಲಾಡಿಸಿ ಕೂರಿಸಿ, ಕೊನೆಗೆ ಬಿಗಿಯಿರಿ.

ಇಂಜಿನ್‌ನಿಂದ ಬಾಡಿಗೆ ಹೋಗೋ ಹೆಣೆದ ತಾಮ್ರದ ಅರ್ತ್ ಪಟ್ಟಿ ಒಂದಿರುತ್ತೆ. ರಬ್ಬರ್ ಮೇಲೆ ಕೂತ ಇಂಜಿನ್‌ಗೆ ಕರೆಂಟ್ ವಾಪಸ್ ಹೋಗೋ ದಾರಿ ಅದೊಂದೇ. ಅದನ್ನು ಮರೆತರೆ ಸೆಲ್ಫ್ ಎಳೆಯೋ ಕರೆಂಟೆಲ್ಲ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಹರಿಯುತ್ತೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಹೊಗೆಯಾಡಿದರೆ ವೈರಿಂಗ್ ಹುಡುಕಬೇಡಿ, ಅರ್ತ್ ಪಟ್ಟಿ ನೋಡಿ. ಹೊಸ ಪಟ್ಟಿ ಹಾಕಿ, ಎರಡೂ ತುದಿಯ ಬಣ್ಣ ಕೆರೆದು ಹೊಳೆಯೋ ಲೋಹಕ್ಕೆ ಬಿಗಿಯಿರಿ. ಪೆಟ್ರೋಲ್ ಹೋಸ್‌ಗಳೂ ಹೊಸದೇ ಬೇಕು. ಈಗ ಬಂಕಿನಲ್ಲಿ ಬರೋದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಅದರಲ್ಲಿ ಉಬ್ಬಿ, ಒಳಗಿನಿಂದ ಉದುರಿ ಕಾರ್ಬುರೇಟರ್ ಜೆಟ್ ಕಟ್ಟುತ್ತೆ. ಎಥನಾಲ್ ತಡೆಯೋ ಹೋಸ್ ಕೇಳಿ ತನ್ನಿ, ಪಂಪಿನ ಡಯಾಫ್ರಮ್ ಕೂಡ ಬದಲಾಯಿಸಿ.

ಡಿಸ್ಟ್ರಿಬ್ಯೂಟರ್ ತಿರುಗಿಸೋ ಒಳಗಿನ ಗೇರ್ ಶಾಫ್ಟ್ ಬಿಚ್ಚಿದ್ದರೆ ಅದನ್ನು ಸರಿಯಾಗಿ ಕೂರಿಸೋದು ಸ್ವಲ್ಪ ಲೆಕ್ಕದ ಕೆಲಸ. ಒಂದನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿ ಮೇಲ್ತುದಿಗೆ ಬಂದಿರಲಿ, ಅಂದರೆ ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿ ರಾಕರ್ ಸಡಿಲ ಇರಬೇಕು. ಒಂದು 5/16 ಯುಎನ್‌ಎಫ್ ಉದ್ದ ಬೋಲ್ಟನ್ನು ಆ ಗೇರ್ ಶಾಫ್ಟಿನ ತಲೆಗೆ ತಿರುಗಿಸಿ ಹಿಡಿಯಾಗಿ ಬಳಸಿ. ಶಾಫ್ಟಿನ ತಲೆಯಲ್ಲಿ ನಡುವಿನಿಂದ ತುಸು ಪಕ್ಕಕ್ಕಿರೋ ಸೀಳಿನ ದೊಡ್ಡ ಅರ್ಧಭಾಗ ಮೇಲಿರಲಿ, ಸೀಳು ಅಡ್ಡಗೆರೆಗಿಂತ ತುಸು ಕೆಳಗಿರಲಿ; ಇಳಿಸುತ್ತಾ ಹೋದಂತೆ ಅದು ತಾನಾಗಿ ಎಡಕ್ಕೆ ತಿರುಗಿ ಗಡಿಯಾರದ ಒಂದು ಗಂಟೆಯ ಜಾಗಕ್ಕೆ ಬಂದು ನಿಲ್ಲುತ್ತೆ. ಫೈರಿಂಗ್ ಆರ್ಡರ್ 1-3-4-2, ರೋಟರ್ ಸುತ್ತೋದು ಗಡಿಯಾರದ ವಿರುದ್ಧ ದಿಕ್ಕಿಗೆ. ಪಾಯಿಂಟ್ ಗ್ಯಾಪ್ 15 ಥೌ, ಪ್ಲಗ್ ಗ್ಯಾಪ್ 25 ಥೌ, ಟ್ಯಾಪೆಟ್ 15 ಥೌ. ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ ಇಟ್ಟುಕೊಳ್ಳಿ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು, ಹೀಗೆ ಎರಡರ ಮೊತ್ತ ಯಾವಾಗಲೂ ಒಂಬತ್ತು.

ಸ್ಟಾರ್ಟ್ ಮಾಡೋ ಮುಂಚೆ ಆಯಿಲ್ ಒತ್ತಡ ಬಂದಿರಬೇಕು. ಫಿಲ್ಟರ್ ಸೇರಿ ಸುಮಾರು ನಾಲ್ಕು ಲೀಟರ್ 20ಡಬ್ಲ್ಯೂ-50 ದರ್ಜೆಯ ಇಂಜಿನ್ ಆಯಿಲ್ ಹಾಕಿ ಡಿಪ್ ಸ್ಟಿಕ್ ನೋಡಿ. ಪ್ಲಗ್ ನಾಲ್ಕೂ ಬಿಚ್ಚಿ, ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸುತ್ತಾ ಸೆಲ್ಫ್ ಹೊಡೆಯಿರಿ. ಗೇಜ್ ಮುಳ್ಳು ಏಳದಿದ್ದರೆ ಪಂಪ್ ಒಣಗಿದೆ. ಫಿಲ್ಟರ್‌ಗೆ ಹೋಗೋ ಪೈಪಿನ ಜಾಯಿಂಟ್ ಬಿಚ್ಚಿ ಅಲ್ಲಿಂದ ಎಣ್ಣೆಕ್ಯಾನಿನಲ್ಲಿ ಆಯಿಲ್ ಒತ್ತಿ ತುಂಬಿ ಮತ್ತೆ ಪ್ರಯತ್ನಿಸಿ. ಮುಳ್ಳು ಎದ್ದ ಮೇಲಷ್ಟೇ ಪ್ಲಗ್ ಹಾಕಬೇಕು.

ಹೊಸ ಕ್ಯಾಮ್ ಶಾಫ್ಟ್, ಹೊಸ ಟ್ಯಾಪೆಟ್ ಹಾಕಿದ್ದರೆ ಇಂಜಿನ್ ಹತ್ತಿದ ಕೂಡಲೇ 2000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಹಿಡಿಯಿರಿ, ಐಡ್ಲಿಂಗಿಗೆ ಇಳಿಸಬೇಡಿ. ಕ್ಯಾಮ್ ಮೈಗೆ ಆಯಿಲ್ ಸಿಗೋದು ಕ್ರ್ಯಾಂಕ್ ಎರಚಿದಾಗ. ನಿಧಾನವಾಗಿ ಓಡಿದರೆ ಎರಚು ಸಾಲದೆ ಮೊದಲ ಗಂಟೆಯಲ್ಲೇ ಕ್ಯಾಮ್ ಮೂಗು ಸವೆಯುತ್ತೆ. ಕೂತಲ್ಲೇ ಇಷ್ಟು ಹೊತ್ತು ಓಡೋವಾಗ ರೇಡಿಯೇಟರ್ ಮುಂದೆ ಒಂದು ಪೆಡಸ್ಟಲ್ ಫ್ಯಾನ್ ಇಡಿ. ಬಿಸಿಯಾದ ಮೇಲೆ ಆಯಿಲ್ ಒತ್ತಡ ಐಡ್ಲಿಂಗ್‌ನಲ್ಲಿ 10ರಿಂದ 25 ಪಿಎಸ್‌ಐ, ಓಟದಲ್ಲಿ 50 ಇದ್ದರೆ ಸರಿ.

ಮೊದಲ 500 ಕಿ.ಮೀ. ಆದ ಮೇಲೆ ಆಯಿಲ್ ಬದಲಾಯಿಸಿ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಹೆಡ್ ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಮತ್ತೆ 40 ಅಡಿ-ಪೌಂಡ್‌ಗೆ ಬಿಗಿಯಿರಿ. ಹನ್ನೊಂದು ನಟ್‌ಗಳಲ್ಲಿ ನಾಲ್ಕು ರಾಕರ್ ಶಾಫ್ಟನ್ನೂ ಹಿಡಿದಿರೋದರಿಂದ ಬಿಗಿದ ಮೇಲೆ ಟ್ಯಾಪೆಟ್ ಗ್ಯಾಪ್ ಬದಲಾಗಿರುತ್ತೆ, ಮತ್ತೆ ಹೊಂದಿಸಲೇಬೇಕು. ಇದೇ ಕಾರಣಕ್ಕೆ, ಮುಂದೆ ಎಂದಾದರೂ ರಾಕರ್ ಬಿಚ್ಚಬೇಕಾದರೆ ಮೊದಲು ನೀರು ಬಸಿದು, ಹನ್ನೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬರೀ ಆ ನಾಲ್ಕನ್ನು ಬಿಚ್ಚಿದರೆ ಹೆಡ್ ಒಂದು ಬದಿ ಎದ್ದು ಗ್ಯಾಸ್ಕೆಟ್‌ಗೆ ನೀರು ನುಗ್ಗುತ್ತೆ.

ಕೊನೆಗೆ ಹಿಂಬದಿಯ ಸೋರಿಕೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಲ್ ಹೌಸಿಂಗ್ ಕೆಳಗೆ ಎರಡು ಮೂರು ಹನಿ ಬಿದ್ದಿದ್ದರೆ ಈ ಇಂಜಿನ್‌ಗೆ ಅದು ಸಹಜ, ಸೀಲ್ ಇಲ್ಲದ ವಿನ್ಯಾಸದ ಗುಣ ಅದು. ಅಂಗೈ ಅಗಲ ಹರಡಿದ್ದರೆ ಮೊದಲು ಬ್ರೀದರ್ ನೋಡಿ, ಆಮೇಲೆ ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯಾ ನೋಡಿ. ಎರಡೂ ಸರಿಯಿದ್ದು ಫಿಲ್ಲರ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ರಿಂಗ್ ಇನ್ನೂ ಕೂತಿಲ್ಲ. ಸಾವಿರ ಕಿ.ಮೀ.ವರೆಗೆ ಒಂದೇ ವೇಗದಲ್ಲಿ ಎಳೆಸದೆ, ಏರಿಳಿತದ ರಸ್ತೆಯಲ್ಲಿ ಗೇರ್ ಬದಲಿಸುತ್ತಾ ಓಡಿಸಿ, ಆಮೇಲೆ ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಯಿರಿ.